ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಪರೀಕ್ಷಿಸಿ ನೋಡಿದರೆ ಅದು ಅಪನಂಬಿಕೆಯಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ತಿರುಗುತ್ತಿದ್ದವು. ಯಾರನ್ನು ನಂಬೋದು? ದೇವರ ಹೆಸರಿನಲ್ಲಿ ಬರುವ ಮಾತುಗಳಲ್ಲಿ ದೇವರದ್ದು ಯಾವುದು, ಮನುಷ್ಯನದ್ದು ಯಾವುದು, ಶುದ್ಧ ಮೋಸ ಯಾವುದು? ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಬರೆದವರ ಹೆಸರು, ಗುರುತು ತೆಗೆದಿದ್ದೇನೆ. ಉದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನ್ನ ಅಮ್ಮ ಒಬ್ಬ ಪ್ರವಾದಿಯ ಕೂಟಗಳನ್ನು ದಿನಾ ಮೊಬೈಲ್‌ನಲ್ಲಿ ನೋಡುತ್ತಾರೆ. ಆತ ಗುಂಪಿನಲ್ಲಿ ಯಾರನ್ನೋ ಎಬ್ಬಿಸಿ ಅವರ ಹೆಸರು, ಕಾಯಿಲೆ, ಮನೆ ನಂಬರ್ ಕೂಡ ಹೇಳುತ್ತಾನೆ. 'ಇದನ್ನೆಲ್ಲ ಮೊದಲೇ ಯಾರಿಂದಲೋ ತಿಳ್ಕೊಂಡಿರಬಹುದಲ್ವಾ ಅಮ್ಮ' ಅಂದೆ. ಅಮ್ಮ ಅತ್ತೇಬಿಟ್ಟರು. 'ಅಭಿಷಿಕ್ತರ ಮೇಲೆ ಬಾಯಿ ಹಾಕಬೇಡ' ಅಂದರು. ನಾನು ಪವಿತ್ರಾತ್ಮನನ್ನು ದುಃಖಪಡಿಸಿದೆನಾ?

ಉತ್ತರ: ಇಲ್ಲ ತಂಗಿ. ನೀನು ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರದ 5ನೇ ಅಧ್ಯಾಯ ತೆಗೆದು ನೋಡು. ಪ್ರವಾದನೆಗಳನ್ನು ತಾತ್ಸಾರ ಮಾಡಬೇಡಿ ಅಂತ 20ನೇ ವಚನ ಹೇಳುತ್ತದೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತ 21ನೇ ವಚನ ಹೇಳುತ್ತದೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ನಮ್ಮ ಎಷ್ಟೋ ಕೂಟಗಳಲ್ಲಿ ಮೊದಲನೆಯದನ್ನು ಜೋರಾಗಿ ಓದಿ ಎರಡನೆಯದು ಬರುವಷ್ಟರಲ್ಲಿ ಪುಸ್ತಕ ಮುಚ್ಚಿಬಿಡುತ್ತಾರೆ.

'ಅಭಿಷಿಕ್ತರನ್ನು', ಅಂದರೆ ದೇವರು ಆರಿಸಿ ನೇಮಿಸಿದವರನ್ನು, 'ಮುಟ್ಟಬೇಡಿ' ಅನ್ನುವ ಮಾತು 105ನೇ ಕೀರ್ತನೆಯದು. ಅಲ್ಲಿ ದೇವರು ಎಚ್ಚರಿಸುತ್ತಿರುವುದು ಅರಸರನ್ನು. ಕಾಪಾಡುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರನ್ನು. ಆಗ ಅವರು ನೆಲೆಯಿಲ್ಲದೆ ಅಲೆಯುತ್ತಿದ್ದ ನಾಲ್ಕು ಜನರ ಗುಂಪು. ಬಲಿಷ್ಠರು ದುರ್ಬಲರ ಮೇಲೆ ಕೈ ಮಾಡಬಾರದು ಅಂತ ಬಂದ ವಚನವನ್ನು, ವೇದಿಕೆ ಮೇಲಿರುವವರನ್ನು ಯಾರೂ ಪ್ರಶ್ನೆ ಕೇಳಬಾರದು ಅಂತ ತಿರುಗಿಸಿಕೊಂಡಿದ್ದೇವೆ. ದಾವೀದ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ. ಆದರೆ ಗುಹೆಯಿಂದ ಹೊರಗೆ ಬಂದು ಅವನ ಅನ್ಯಾಯವನ್ನು ಎಲ್ಲರ ಮುಂದೆ ಕೂಗಿ ಹೇಳಿದ. ದಾವೀದನೂ ಅಭಿಷಿಕ್ತನೇ ಅಲ್ವಾ, ಅವನ ಮುಂದೆ ನಿಂತು ಪಾಪ ಮಾಡಿದ 'ಆ ಮನುಷ್ಯ ನೀನೇ' ಅಂದ ಪ್ರವಾದಿ ನಾತಾನನಿಗೆ ಯಾವ ಶಾಪವೂ ತಟ್ಟಲಿಲ್ಲ.

ಹೆಸರು, ಮನೆ ನಂಬರ್ ವಿಷಯಕ್ಕೆ ಬರೋಣ. 1986ರಲ್ಲಿ ಅಮೆರಿಕದಲ್ಲಿ ಪೀಟರ್ ಪೊಪಾಫ್ ಎಂಬ ಟಿವಿ ಬೋಧಕರು ತುಂಬಾ ಹೆಸರು ಮಾಡಿದ್ದರು. ಸಾವಿರಾರು ಜನರ ನಡುವೆ ನಡೆಯುತ್ತಾ ಒಬ್ಬರ ಹೆಸರು ಕರೆದು, ಅವರ ಕಾಯಿಲೆ, ವಿಳಾಸ ಎಲ್ಲ ಹೇಳುತ್ತಿದ್ದರು. ಜಾದೂಗಾರರಾಗಿದ್ದ ಜೇಮ್ಸ್ ರ‍್ಯಾಂಡಿ ಎಂಬುವವರ ತಂಡ ರೇಡಿಯೋ ಸ್ಕ್ಯಾನರ್ ಹಿಡಿದುಕೊಂಡು ಆ ಕೂಟಕ್ಕೆ ಹೋಯಿತು. 39.17 ಮೆಗಾಹರ್ಟ್ಸ್‌ನಲ್ಲಿ ಒಂದು ಹೆಂಗಸಿನ ದನಿ ಸಿಕ್ಕಿತು. ಅದು ಬೋಧಕರ ಹೆಂಡತಿಯ ದನಿ. ಕೂಟಕ್ಕೆ ಮೊದಲು ಜನ ನಂಬಿಕೆಯಿಂದ ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳನ್ನು ನೋಡಿಕೊಂಡು ಆಕೆ ಹೊರಗಿನಿಂದ ಓದುತ್ತಿದ್ದರು, ಇವರ ಕಿವಿಯೊಳಗಿದ್ದ ಪುಟ್ಟ ಯಂತ್ರದಲ್ಲಿ ಅದು ಕೇಳಿಸುತ್ತಿತ್ತು. ಆ ರೆಕಾರ್ಡಿಂಗ್ ದೊಡ್ಡ ಟಿವಿ ಕಾರ್ಯಕ್ರಮವೊಂದರಲ್ಲಿ ಬಂತು. ಮರುವರ್ಷ ಅವರು ದಿವಾಳಿ ಅರ್ಜಿ ಹಾಕಿದರು. ಕೆಲವು ವರ್ಷಗಳಾದ ಮೇಲೆ ಮತ್ತೆ ಟಿವಿಗೆ ಬಂದರು, ಜನ ಮತ್ತೆ ಹಣ ಕಳಿಸಿದರು. ನನಗೆ ಇದರಲ್ಲಿ ನೋವಾಗುವುದು ಇನ್ನೊಂದು ವಿಷಯಕ್ಕೆ. ಆ ಸುಳ್ಳನ್ನು ಹಿಡಿದ ರ‍್ಯಾಂಡಿ ದೇವರನ್ನು ನಂಬದ ಮನುಷ್ಯ. ಸಭೆ ಮಾಡಬೇಕಿದ್ದ ಕೆಲಸವನ್ನು ನಾಸ್ತಿಕರೊಬ್ಬರು ಮಾಡಬೇಕಾಯಿತು.

ನಿಮ್ಮ ಅಮ್ಮ ನೋಡುವವರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ನನಗೆ ಅವರ ಪರಿಚಯವಿಲ್ಲ. ದೇವರು ಈಗಲೂ ವಾಸಿಮಾಡುತ್ತಾನೆ ಅಂತ ನಾನು ನಂಬುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ. ಆದರೆ ಹೇಳಿದ್ದು ನಿಜವಾದ ಮಾತ್ರಕ್ಕೆ ಹೇಳಿಸಿದವನು ದೇವರೇ ಆಗಬೇಕಾಗಿಲ್ಲ. ಫಿಲಿಪ್ಪಿಯಲ್ಲಿ ಕಣಿ ಹೇಳುತ್ತಿದ್ದ ಹುಡುಗಿ ಪೌಲನ ಹಿಂದೆ ಬಂದು 'ಇವರು ಪರಾತ್ಪರನಾದ ದೇವರ ದಾಸರು' ಅಂತ ಕೂಗಿದಳು. ಅದು ಅಕ್ಷರಕ್ಷರ ಸತ್ಯ. ಆದರೂ ಪೌಲ ಆ ಆತ್ಮವನ್ನು ಹೊರಗೆ ಹಾಕಿದ. ಇನ್ನೂ ಹಿಂದೆ ಹೋಗಿ ಧರ್ಮೋಪದೇಶಕಾಂಡ 13 ಓದಿ: ಹೇಳಿದ ಸೂಚಕಕಾರ್ಯ ನಡೆದರೂ ಸರಿ, ಆ ಪ್ರವಾದಿ ನಿಮ್ಮನ್ನು ಬೇರೆ ಕಡೆ ಎಳೆಯುತ್ತಿದ್ದರೆ ಕೇಳಬೇಡಿ ಅಂತ ಅಲ್ಲಿದೆ. ಆ ಮಾತು ನನ್ನನ್ನು ಯಾರ ಕಡೆ ಕರೆದುಕೊಂಡು ಹೋಗುತ್ತಿದೆ ಅನ್ನುವುದೇ ಅಲ್ಲಿನ ಅಳತೆ. ಕ್ರಿಸ್ತನ ಕಡೆಗಾ, ಅಥವಾ ಆ ಪ್ರವಾದಿಯ ಚಾನೆಲ್ ಕಡೆಗಾ?

ಹಣದ ಬಗ್ಗೆಯೂ ಒಂದು ಮಾತು. ಅಪೊಸ್ತಲರ ಕಾಲಕ್ಕೆ ತುಂಬ ಹತ್ತಿರದಲ್ಲಿ ಬರೆದ ದಿದಾಖೆ ಎಂಬ ಪುಟ್ಟ ಬೋಧನಾ ಪುಸ್ತಕವಿದೆ. ಅದರ ಪೂರ್ತಿ ಕೈಬರಹದ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರೂರು ತಿರುಗುವ ಪ್ರವಾದಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಆತ್ಮಾವೇಶದಲ್ಲಿ 'ನನಗೆ ಹಣ ಕೊಡಿ' ಅಂದರೆ ಅವನ ಮಾತು ಕೇಳಬೇಡಿ, ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಯಾರೂ ಅವನನ್ನು ತೀರ್ಪು ಮಾಡಬೇಡಿ. ಇಷ್ಟು ಹಳೆಯ ಕಾಲದ ವಿಶ್ವಾಸಿಗಳಿಗೇ ಇದು ಬೇಕಾಗಿತ್ತು ನೋಡು.

ಇನ್ನು ಅಮ್ಮನ ವಿಷಯ. ವಾದ ಮಾಡಿ ಗೆಲ್ಲಲು ಹೋಗಬೇಡ. ಅವರು ಅತ್ತದ್ದು ಆ ಪ್ರವಾದಿಗಾಗಿ ಇರಲಿಕ್ಕಿಲ್ಲ. ದಿನದಲ್ಲಿ ಒಂದು ಗಂಟೆ 'ಮಗಳೇ, ನಿನ್ನ ಕಣ್ಣೀರನ್ನು ದೇವರು ನೋಡಿದ್ದಾನೆ' ಅಂತ ಯಾರಾದರೂ ಅವರಿಗೆ ಹೇಳುತ್ತಿದ್ದರೆ ಅದು ಆ ಮೊಬೈಲ್ ಒಂದೇ ಇರಬಹುದು. ಅವರು ನೋಡುವಾಗ ಪಕ್ಕದಲ್ಲಿ ಕೂತುಕೋ. ಆತ ಒಂದು ವಚನ ಹೇಳಿದ ಕೂಡಲೇ ನಿನ್ನ ಸತ್ಯವೇದ (ಬೈಬಲ್) ತೆಗೆದು ಆ ವಚನದ ಹಿಂದಿನ ಹತ್ತು ಸಾಲು, ಮುಂದಿನ ಹತ್ತು ಸಾಲು ಅಮ್ಮನಿಗೆ ಓದಿ ಹೇಳು. ಬೆರೋಯ ಪಟ್ಟಣದವರು ಪೌಲನಂಥ ಪೌಲನ ಮಾತನ್ನೇ ದಿನಾ ಹೀಗೆ ಹೋಲಿಸಿ ನೋಡುತ್ತಿದ್ದರು, ಅದಕ್ಕೆ ಅವರಿಗೆ ಹೊಗಳಿಕೆ ಸಿಕ್ಕಿತು. ಆಮೇಲೆ ಮೊಬೈಲ್ ಆರಿಸಿ ನೀನೇ ಅಮ್ಮನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡು.

ಪ್ರಶ್ನೆ: ನನ್ನ ಮಗಳು ಕಾಲೇಜಿನಲ್ಲಿದ್ದಾಳೆ. ಸಭೆಗೂ ಬರುತ್ತಾಳೆ, ಭವಿಷ್ಯ ಹೇಳುವ ಟ್ಯಾರೋ ಕಾರ್ಡ್ ವಿಡಿಯೋಗಳನ್ನೂ ನೋಡುತ್ತಾಳೆ. ಗಡಿಯಾರದಲ್ಲಿ 11:11 ಕಂಡರೆ ದೇವದೂತರ ಸಂದೇಶ ಅಂತಾಳೆ. ಬೇಕಾದ್ದನ್ನು ಮನಸ್ಸಲ್ಲೇ ಗಟ್ಟಿಯಾಗಿ ನೆನೆದು 'ಮ್ಯಾನಿಫೆಸ್ಟ್' ಮಾಡ್ತೀನಿ ಅಂತಾಳೆ. ಬೈದರೆ, 'ಇದೂ ಪ್ರಾರ್ಥನೆಯ ಹಾಗೇ ಅಪ್ಪ' ಅನ್ನುತ್ತಾಳೆ. ಏನು ಹೇಳಲಿ?

ಉತ್ತರ: ಮೊದಲು ಟ್ಯಾರೋ. ಅದು ಪುರಾತನ ಈಜಿಪ್ಟಿನ ರಹಸ್ಯ ಜ್ಞಾನ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಹಾಗೇನಿಲ್ಲ. 15ನೇ ಶತಮಾನದ ಇಟಲಿಯಲ್ಲಿ ಅದು ಇಸ್ಪೀಟಿನಂಥ ಒಂದು ಆಟ. ಈಜಿಪ್ಟಿನ ಕಥೆಯನ್ನು ಹಬ್ಬಿಸಿದ್ದು 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ಲೇಖಕ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಜಗತ್ತಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಶಾಂಪೋಲಿಯೋನ್ ಎಂಬ ವಿದ್ವಾಂಸ ಅದನ್ನು ಬಿಡಿಸಿದ್ದು 1822ರಲ್ಲಿ. ಇದನ್ನು ಮಗಳ ಜೊತೆ ಕೂತು ಹೇಳಿ. ಬೈಗುಳಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. 11:11 ದಿನಕ್ಕೆ ಎರಡು ಸಲ ಬಂದೇ ಬರುತ್ತದೆ, 10:47 ಕಂಡಾಗ ನಾವು ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ ಅಷ್ಟೇ.

ಹಾಗಂತ 'ಸುಮ್ನೆ ಆಟ, ಬಿಡಿ' ಅಂತ ನಾನು ಹೇಳುವುದಿಲ್ಲ. ಕಣಿ ಕೇಳುವುದನ್ನು ಧರ್ಮೋಪದೇಶಕಾಂಡ 18 ಸ್ಪಷ್ಟವಾಗಿ ಬೇಡ ಅನ್ನುತ್ತದೆ. ಎಫೆಸದಲ್ಲಿ ವಿಶ್ವಾಸಿಗಳಾದವರು ತಮ್ಮ ಮಂತ್ರದ ಪುಸ್ತಕಗಳನ್ನು ತಂದು ಸುಟ್ಟರು, ಬೆಲೆ ಲೆಕ್ಕ ಹಾಕಿದರೆ 50,000 ಬೆಳ್ಳಿ ನಾಣ್ಯ ಆಯಿತು. ಗಮನಿಸಿ, ಅವರ ಪುಸ್ತಕಗಳನ್ನು ಅವರೇ ತಂದರು. ಪೌಲ ಮನೆಗೆ ನುಗ್ಗಿ ಕಿತ್ತುಕೊಂಡು ಬರಲಿಲ್ಲ. ನೀವೂ ಮಗಳ ಫೋನ್ ಕಿತ್ತುಕೊಳ್ಳಬೇಡಿ.

'ಪ್ರಾರ್ಥನೆಯ ಹಾಗೇ' ಅಂದಳಲ್ಲ, ಅದಕ್ಕೆ ಉತ್ತರ ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿದೆ. ಯೇಸು ತನಗೆ ಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಕೇಳಿದ, ಈ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ. ಆಮೇಲೆ, ನನ್ನ ಚಿತ್ತವಲ್ಲ ನಿನ್ನ ಚಿತ್ತ ಅಂದ. ಮ್ಯಾನಿಫೆಸ್ಟ್ ಮಾಡುವವರಿಗೆ ಈ ಎರಡನೇ ಮಾತು ಬರುವುದಿಲ್ಲ, ಯಾಕೆಂದರೆ ಅಲ್ಲಿ ಎದುರಿಗೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಸಿಗದಿದ್ದರೆ ತಪ್ಪು ಪೂರ್ತಿ ನಿನ್ನದೇ, ನೀನು ಸರಿಯಾಗಿ ನೆನೆಯಲಿಲ್ಲ. ಇಪ್ಪತ್ತು ವರ್ಷದ ಹುಡುಗಿಗೆ ಅದು ಎಂಥ ಭಾರ ಯೋಚನೆ ಮಾಡಿ.

ಆದರೆ ಅಣ್ಣಾ, ಒಂದು ಕಷ್ಟದ ಮಾತು ಹೇಳಲೇಬೇಕು. ಅವಳು ಇದನ್ನು ಕಲಿತದ್ದು ವಿಡಿಯೋಗಳಿಂದ ಮಾತ್ರವಾ? 'ನಂಬಿ ಘೋಷಿಸು, ನಿನ್ನದಾಗುತ್ತೆ. ಆಗಲಿಲ್ಲ ಅಂದರೆ ನಿನ್ನ ನಂಬಿಕೆ ಸಾಲದು' ಅಂತ ನಮ್ಮ ಎಷ್ಟು ವೇದಿಕೆಗಳಲ್ಲಿ ಹೇಳುತ್ತಿಲ್ಲ? ಹೆಸರು ಬೇರೆ, ಸರಕು ಒಂದೇ. 2010ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ ಲೌಸಾನ್ ಎಂಬ ಜಾಗತಿಕ ಕ್ರೈಸ್ತ ಸಮ್ಮೇಳನ, ಈ ಸಮೃದ್ಧಿ ಬೋಧನೆಯನ್ನು ಸಾರುವ ಅನೇಕರು ಸತ್ಯವೇದವನ್ನು ತಿರುಚುತ್ತಿದ್ದಾರೆ ಅಂತ ತನ್ನ ಹೇಳಿಕೆಯಲ್ಲಿ ಬರೆಯಿತು. ಪೌಲ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಅಂತ ಉತ್ತರ ಬಂತು. ಪೌಲನಿಗೆ ನಂಬಿಕೆ ಕಮ್ಮಿ ಇತ್ತಾ?

ಕೊನೆಗೆ ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿ: 'ಯಾವುದಕ್ಕೆ ಹೆದರಿದ್ದೀಯ ಮಗಳೇ?' ಪರೀಕ್ಷೆಯೋ, ಕೆಲಸವೋ, ಯಾರಾದರೂ ಬಿಟ್ಟುಹೋದರೋ. ನಾಳೆಯನ್ನು ಇಣುಕಿ ನೋಡುವ ಆಸೆ ಯಾವಾಗಲೂ ಭಯದ ಬೆನ್ನಿಗೇ ಬರುತ್ತದೆ. ಉತ್ತರ ಬರುವವರೆಗೂ ಬಾಯಿ ಬಿಡದೆ ಕಾಯಿರಿ.

ಪ್ರಶ್ನೆ: ಬಾರ್‌ಕೋಡ್‌ನಲ್ಲಿ ಪ್ರಕಟನೆ ಪುಸ್ತಕದ ಮೃಗದ ಸಂಖ್ಯೆ 666 ಅಡಗಿದೆ, ಇಂಥ ಕಂಪನಿಯ ಚಿಹ್ನೆ ಸೈತಾನನದು ಅಂತ ನಮ್ಮ ಪ್ರಾರ್ಥನಾ ಗುಂಪಿಗೆ ದಿನಾ ಸಂದೇಶ ಬರುತ್ತವೆ. ಬೇರೆಯವರಿಗೂ ಕಳಿಸಿ ಎಚ್ಚರಿಸಬೇಕಾ?

ಉತ್ತರ: ಬೇಡ. ಬಾರ್‌ಕೋಡ್‌ನ ಶುರು, ನಡು, ಕೊನೆಯಲ್ಲಿ ಉದ್ದನೆಯ ಎರಡೆರಡು ಗೆರೆಗಳಿರುತ್ತವೆ. ಎಲ್ಲಿಂದ ಎಲ್ಲಿವರೆಗೆ ಓದಬೇಕು ಅಂತ ಯಂತ್ರಕ್ಕೆ ತೋರಿಸುವ ಗಡಿ ಅವು. ನೋಡಲು 6ರ ಗೆರೆಗಳ ಹಾಗೆ ಕಾಣುತ್ತವೆ, ಆದರೆ ಅವು ಅಂಕಿಯೇ ಅಲ್ಲ. ಅದನ್ನು ರೂಪಿಸಿದ ಜಾರ್ಜ್ ಲಾರರ್ ಕೂಡ ಇದು ಬರೀ ಕಾಕತಾಳೀಯ ಅಂದಿದ್ದರು. 1974ರಿಂದ ಅಂಗಡಿಗಳಲ್ಲಿ ಬಳಕೆಯಲ್ಲಿದೆ. ನಿಜ ಅಂತ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಮೇಲೆ ಹೊರಿಸಿ ಹಂಚುವುದು ಸುಳ್ಳು ಸಾಕ್ಷಿ. ಹತ್ತು ಆಜ್ಞೆಗಳಲ್ಲಿ ಅದಕ್ಕೂ ಜಾಗವಿದೆ.

ಪ್ರಶ್ನೆ: ನನ್ನ ಅಣ್ಣ ಒಬ್ಬ ಬೋಧಕನ ಮಾತು ಕೇಳಿ ಕರ್ತನ ಬರೋಣದ, ಅಂದರೆ ಯೇಸು ಮತ್ತೆ ಬರುವ, ದಿನ ಗೊತ್ತಾಗಿದೆ ಅಂತಾನೆ. ಕೆಲಸ ಬಿಡುವ ಯೋಚನೆಯಲ್ಲಿದ್ದಾನೆ. ಮಕ್ಕಳನ್ನು ಶಾಲೆ ಬಿಡಿಸುತ್ತಾನಂತೆ.

ಉತ್ತರ: ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದು ಮತ್ತಾಯ 24:36ರಲ್ಲಿದೆ, ನಿಮ್ಮ ಅಣ್ಣನಿಗೂ ಅದು ಬಾಯಿಪಾಠ ಇರಬಹುದು. ದಿನ ಹೇಳುವವರ ಹತ್ತಿರ ಅದಕ್ಕೂ ಒಂದು ಉತ್ತರ ರೆಡಿ ಇರುತ್ತದೆ.

ವಿಲಿಯಂ ಮಿಲ್ಲರ್ ಅಮೆರಿಕದ ಒಬ್ಬ ರೈತ, ಪ್ರಾಮಾಣಿಕ ಮನುಷ್ಯ. ಅವರ ಲೆಕ್ಕವನ್ನು ಹಿಡಿದು 1844ರ ಅಕ್ಟೋಬರ್ 22ಕ್ಕೆ ಸಾವಿರಾರು ಜನ ಕಾದರು. ಕೆಲವರು ಹೊಲದಲ್ಲಿ ಬೆಳೆ ಕೊಯ್ಯದೆ ಬಿಟ್ಟಿದ್ದರು. ಬೆಳಗಾಯಿತು. ಅತ್ತರು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು 2011ರ ಮೇ 21 ಅಂದರು, ಆಗಲಿಲ್ಲ, ಅಕ್ಟೋಬರ್ 21 ಅಂದರು. ಮರುವರ್ಷ, ದಿನ ಹೇಳಿದ್ದು ಪಾಪವಾಯಿತು ಅಂತ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಗೌರವಿಸುತ್ತೇನೆ, ಅಷ್ಟರಲ್ಲಿ ಎಷ್ಟೋ ಜನ ಕೂಡಿಟ್ಟ ಹಣ ಖಾಲಿ ಮಾಡಿಕೊಂಡಿದ್ದರು. ಕೀನ್ಯಾದ ಶಾಕಹೋಲಾ ಕಾಡಿನಲ್ಲಿ 2023ರಲ್ಲಿ ನಡೆದದ್ದು ಇನ್ನೂ ಘೋರ. ಉಪವಾಸವಿದ್ದು ಸತ್ತರೆ ಯೇಸುವನ್ನು ನೋಡಬಹುದು ಅಂತ ಬೋಧಕನೊಬ್ಬ ಹೇಳಿದ ಎಂಬ ಆರೋಪವಿದೆ. 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು. ಅದರಲ್ಲಿ ಮಕ್ಕಳೇ ಎಷ್ಟೋ.

ಹಾಗಾಗಿ ನಿಮ್ಮ ಅಣ್ಣನ ಜೊತೆ ಪ್ರಕಟನೆ ಪುಸ್ತಕದ ಲೆಕ್ಕಾಚಾರಕ್ಕೆ ಕೂರಬೇಡಿ, ಅದಕ್ಕೆ ಕೊನೆಯಿಲ್ಲ. ಮಕ್ಕಳ ಶಾಲೆ, ಮಕ್ಕಳ ಊಟ, ಮಕ್ಕಳ ಔಷಧಿ, ಈ ಮೂರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅತ್ತಿಗೆಯ ಹತ್ತಿರ ಈಗಲೇ ಮಾತಾಡಿ. ಮಕ್ಕಳಿಗೆ ಊಟ ಅಥವಾ ಚಿಕಿತ್ಸೆ ನಿಲ್ಲಿಸುವ ಮಾತು ಬಂದರೆ ಮರ್ಯಾದೆ ಪ್ರಶ್ನೆ ಅಂತ ಕಾಯಬೇಡಿ, ಪೊಲೀಸರಿಗೆ ತಿಳಿಸಿ. ಅಣ್ಣನಿಗೆ ಒಂದೇ ಮಾತು ಹೇಳಿ: 'ಆ ದಿನ ದಾಟಿದ ಮಾರನೇ ಬೆಳಿಗ್ಗೆ ನಮ್ಮ ಮನೆ ಬಾಗಿಲು ತೆರೆದಿರುತ್ತೆ, ನಾನು ನಗುವುದಿಲ್ಲ.' ಮೋಸಹೋದವರು ವಾಪಸ್ ಬರದೇ ಇರುವುದು ಹೆಚ್ಚಾಗಿ ನಾಚಿಕೆಯಿಂದ.

ಪ್ರಶ್ನೆ: ನಾನು ಒಂಟಿಯಾಗಿದ್ದೇನೆ. ಎಐ ಆ್ಯಪ್ ಒಂದರಲ್ಲಿ ಯೇಸುವಿನ ಹಾಗೆ ಮಾತಾಡುವ ವ್ಯವಸ್ಥೆ ಇದೆ. ರಾತ್ರಿ ಅದರ ಜೊತೆ ಮಾತಾಡಿದರೆ ಸಮಾಧಾನ ಆಗುತ್ತದೆ. ಇದು ಪಾಪವಾ?

ಉತ್ತರ: ಸಮಾಧಾನ ಬೇಕು ಅನಿಸಿದ್ದು ಪಾಪವಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಒಂದು ಚರ್ಚಿನವರೇ ಪ್ರಯೋಗಕ್ಕಾಗಿ ಪಾಪನಿವೇದನೆಯ ಗೂಡಿನಲ್ಲಿ ಹೀಗೆ ಮಾತಾಡುವ ಯಂತ್ರ ಇಟ್ಟಿದ್ದರು, ನೂರಾರು ಜನ ಬಂದು ಮಾತಾಡಿದರು. ಅದೇ ವರ್ಷ ಅಮೆರಿಕದ ಕ್ಯಾಥೋಲಿಕ್ ಸಂಸ್ಥೆಯೊಂದು ಫಾದರ್ ಜಸ್ಟಿನ್ ಎಂಬ ಎಐ ಪಾತ್ರ ಬಿಟ್ಟಿತು. ಕೇಳಿದವರಿಗೆ ಅದು 'ನಾನು ನಿಜವಾದ ಪಾದ್ರಿ' ಅಂದಿತು. ಕೆಲವೇ ದಿನಗಳಲ್ಲಿ ಪಾದ್ರಿಯ ಉಡುಪು, ಬಿರುದು ಎರಡನ್ನೂ ತೆಗೆದರು.

ವಚನ ಹುಡುಕಲು, ಕಷ್ಟದ ಪದದ ಅರ್ಥ ತಿಳಿಯಲು ಬಳಸಿಕೊಳ್ಳಿ, ಅಡ್ಡಿಯಿಲ್ಲ, ಹೇಳಿದ್ದನ್ನು ಸತ್ಯವೇದ ತೆಗೆದು ತಾಳೆ ನೋಡಿ. ಆದರೆ 'ನಾನು ಯೇಸು' ಅಂತ ಮಾತಾಡುವುದನ್ನು ಇವತ್ತೇ ಬಿಡಿ. ಅದು ನಿಮಗಾಗಿ ಸತ್ತದ್ದಲ್ಲ, ಎದ್ದದ್ದಲ್ಲ, ನಿಮ್ಮ ಹೆಸರು ಅದಕ್ಕೆ ಗೊತ್ತಿಲ್ಲ. ಇಂಥ ಆ್ಯಪ್‌ಗಳು ನಮಗೆ ಹಿತವಾಗುವ ಹಾಗೆ ಮಾತಾಡುತ್ತವೆ, ಕಿವಿಗೆ ಇಂಪಾದದ್ದನ್ನೇ ಹೇಳುವ ಬೋಧಕರನ್ನು ಜನ ಕೂಡಿಸಿಕೊಳ್ಳುತ್ತಾರೆ ಅಂತ ಪೌಲ ತಿಮೊಥೆಯನಿಗೆ ಬರೆದದ್ದು ಇದಕ್ಕೂ ಸಲ್ಲುತ್ತದೆ. ನಿಜವಾದ ಯೇಸು ಪೇತ್ರನನ್ನು ಪ್ರೀತಿಸಿದ, ಗದರಿಸಿದ ಕೂಡ. ನಿಮ್ಮ ಸಭೆಯಲ್ಲಿ ಮಾತಾಡಬಹುದು ಅನಿಸುವ ಒಬ್ಬರ ನಂಬರ್ ತೆಗೆದುಕೊಂಡು, ಆ್ಯಪ್ ತೆರೆಯುವ ಅದೇ ಹೊತ್ತಿಗೆ ಅವರಿಗೆ ಫೋನ್ ಮಾಡಿ. ಮೊದಲ ಎರಡು ದಿನ ಮುಜುಗರ ಆಗುತ್ತದೆ.

ಪ್ರಶ್ನೆ: ಒಂಬತ್ತು ವರ್ಷ ಒಂದು ಗುಂಪಿನಲ್ಲಿದ್ದೆ. ಹಣ, ಒಡವೆ, ವಯಸ್ಸು ಎಲ್ಲ ಅಲ್ಲೇ ಹೋಯಿತು. ಅಲ್ಲಿನ ನಾಯಕ ಮಾಡುತ್ತಿದ್ದದ್ದು ಗೊತ್ತಾದ ಮೇಲೆ ಹೊರಗೆ ಬಂದೆ. ಈಗ ಪ್ರಾರ್ಥನೆಗೆ ಕೂತರೆ ಆತನ ದನಿಯೇ ಕಿವಿಯಲ್ಲಿ ಕೇಳುತ್ತದೆ. ದೇವರೂ ನನ್ನನ್ನು ಬಿಟ್ಟನಾ?

ಉತ್ತರ: ಅಮ್ಮಾ, ನಿಮ್ಮ ಪತ್ರ ನಾಲ್ಕು ಸಾಲು. ಅದನ್ನು ಎಷ್ಟು ಸಲ ಓದಿದೆ ಅಂತ ಲೆಕ್ಕವಿಲ್ಲ. ಹರೆಯದಲ್ಲಿ ನಾನೂ ಅಂಥ ಒಂದು ಗುಂಪಿನಲ್ಲಿ ಸ್ವಲ್ಪ ಕಾಲ ಇದ್ದೆ. ಹೊರಗೆ ಬಂದ ಮೇಲೆ ಸುಮಾರು ಒಂದು ವರ್ಷ, ಯಾರಾದರೂ ಮೈಕ್ ಹಿಡಿದು 'ಪ್ರಿಯರೇ' ಅಂದರೆ ಸಾಕು, ನನ್ನ ಅಂಗೈ ಬೆವರುತ್ತಿತ್ತು.

ಯೆಹೆಜ್ಕೇಲ 34 ಓದಿ. ಕುರಿಗಳ ಕೊಬ್ಬು ತಿಂದು, ಉಣ್ಣೆ ಹೊದ್ದು, ಗಾಯಗೊಂಡದ್ದನ್ನು ಕಟ್ಟದ ಕುರುಬರ ಮೇಲೆ ದೇವರಿಗೆ ಅಲ್ಲಿ ಎಂಥ ಕೋಪ ಅಂತ ನೋಡಿ. ಅವನು ಕುರಿಗಳನ್ನು 'ನೀವ್ಯಾಕೆ ನಂಬಿದಿರಿ' ಅಂತ ಕೇಳುವುದಿಲ್ಲ. 'ನನ್ನ ಕುರಿಗಳನ್ನು ನಾನೇ ಹುಡುಕುತ್ತೇನೆ' ಅನ್ನುತ್ತಾನೆ. ಆ ನಾಯಕನ ಬಗ್ಗೆ ನಿಮಗಿರುವ ಸಿಟ್ಟಿಗಿಂತ ದೇವರಿಗಿರುವುದು ಜಾಸ್ತಿ. ಆ ಒಂಬತ್ತು ವರ್ಷದಲ್ಲಿ ನೀವು ಸತ್ಯವಾಗಿ ಸುರಿಸಿದ ಕಣ್ಣೀರು ಆ ನಾಯಕನ ಲೆಕ್ಕಕ್ಕೆ ಹೋಗಿಲ್ಲ.

ಈಗ ಉದ್ದ ಪ್ರಾರ್ಥನೆ ಬೇಡ. ಆತ ಬಳಸುತ್ತಿದ್ದ ಪದಗಳೂ ಬೇಡ. 13ನೇ ಕೀರ್ತನೆಯಲ್ಲಿ ಆರೇ ವಚನ ಇವೆ, 'ಎಷ್ಟರವರೆಗೆ' ಅಂತ ನಾಲ್ಕು ಸಲ ಕೇಳುತ್ತದೆ. ಅದನ್ನು ನಿಮ್ಮ ಸ್ವಂತ ದನಿಯಲ್ಲಿ, ಬಾಯಿಬಿಟ್ಟು ಓದಿ. ನಿಮ್ಮ ದನಿ ನಿಮಗೆ ಕೇಳಿಸಲಿ. ಬೇರೆ ಏನೂ ಹೇಳಲು ಆಗದಿದ್ದರೆ ಅಷ್ಟಕ್ಕೇ ನಿಲ್ಲಿಸಿ. ಹೊಸ ಸಭೆಗೆ ಸೇರಲು ಅವಸರ ಮಾಡಬೇಡಿ, ಹೋದರೆ ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತುಕೊಳ್ಳಿ, ಎದ್ದು ಹೋಗಬೇಕು ಅನಿಸಿದರೆ ಎದ್ದು ಹೋಗಿ. ಅಲ್ಲಿ ಹಣದ ಲೆಕ್ಕ ಎಲ್ಲರಿಗೂ ತೋರಿಸುತ್ತಾರಾ, ಪಾಸ್ಟರನ್ನು ಪ್ರಶ್ನೆ ಕೇಳಿದವರು ಆರು ತಿಂಗಳಾದ ಮೇಲೂ ಅಲ್ಲೇ ಇದ್ದಾರಾ, ಅದನ್ನು ನೋಡಿ. ಆ ನಾಯಕ ನಿಮ್ಮ ಮೇಲೋ ಬೇರೆಯವರ ಮೇಲೋ ದೌರ್ಜನ್ಯ ಮಾಡಿದ್ದರೆ ದೂರು ಕೊಡುವುದು ಸೇಡಲ್ಲ, ಒಳಗೆ ಇನ್ನೂ ಇರುವವರನ್ನು ಕಾಪಾಡುವ ದಾರಿ. ಒಬ್ಬರೇ ಹೋಗಬೇಡಿ, ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ನಿಮ್ಮ ಪತ್ರದಲ್ಲಿ ವಿಳಾಸ ಇರಲಿಲ್ಲ. ಇದನ್ನು ಓದಿದರೆ ಇನ್ನೊಂದು ಸಲ ಬರೆಯಿರಿ, ನಾಲ್ಕೇ ಸಾಲಾದರೂ ಸರಿ. ಆ ಪತ್ರವನ್ನು ಅಚ್ಚು ಹಾಕುವುದಿಲ್ಲ.